ಕಪ್ಪು ಟಬ್ಬು

ಮಂಗಳವಾರ, ೧೪ನೇ ತಾರೀಕು.

ಒಂದು ವಾರದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತನ್ನು ಇವತ್ತು ಆಡಿಯೇಬಿಟ್ಟೆ.

ಲ್ಯಾಬಿನ ಮೇಡಂ ಏಳು ತಿಂಗಳಿಂದ ಉಗುರುದ್ದದ ಸಿಗಡಿಗಳ ಬಣ್ಣ ನೋಡುತ್ತಿದ್ದಾರೆ. ಬೆಚ್ಚನೆಯ ನೀರಿನಲ್ಲಿ ಅವು ಕಪ್ಪಾಗುತ್ತವೆ, ತಣ್ಣೀರಿನಲ್ಲಿ ತಿಳಿಯಾಗಿರುತ್ತವೆ ಎಂದು ನಾಳೆ ಲೇಖನ ಕಳಿಸುವವರಿದ್ದರು. ಆದರೆ ಟಬ್ಬು ತೊಳೆಯುವವಳು ನಾನಲ್ಲವೇ? ತಣ್ಣೀರು ಇರುವುದು ಬಿಳಿ ಟಬ್ಬಿನಲ್ಲಿ. ಬಿಳಿಯವು ಸಾಲದೆ ಬೆಚ್ಚನೆಯ ನೀರಿಗೆ ಕಪ್ಪು ಟಬ್ಬು ತಂದಿಟ್ಟವಳೂ ನಾನೇ.

"ತಪ್ಪು ನಂದೇ ಮೇಡಂ. ಒಂದ್ಸಲ ಇದೇ ಬೆಚ್ಚನೆ ನೀರನ್ನ ಸಿಗಡಿ ಸಮೇತ ಬಿಳಿ ಟಬ್ಬಿಗೆ ಹಾಕಿ ನೋಡೋಣ್ವಾ?" ಎಂದೆ. ಕೆಲಸ ಹೋದರೆ ಹೋಗಲಿ ಎಂದುಕೊಂಡೇ ಕೇಳಿದ್ದು.

ಗಂಟೆಯೊಳಗೆ ಸಿಗಡಿಗಳು ಗಾಜಿನ ಹಾಗೆ ತಿಳಿಯಾದವು. ಮೇಡಂ ನನಗೂ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಮೈತುಂಬ ಹರಡಿದ್ದ ಬಣ್ಣ ಮುದುಡಿ ಸೂಜಿಮೊನೆಯಷ್ಟು ಚುಕ್ಕೆಗಳಾಗಿತ್ತು.

"ಏಳು ತಿಂಗಳು ಮಣ್ಣುಪಾಲಾಯ್ತಲ್ರೀ!" ಎಂದು ತಲೆ ಹಿಡಿದು ಕೂತರು. ಆಮೇಲೆ ಎದ್ದು, ಇಷ್ಟು ವರ್ಷ ನಾನು ಧೂಳು ಒರೆಸಿದ್ದೇ ಹೊರತು ಒಮ್ಮೆಯೂ ತೆರೆಯದ ದಾಖಲೆ ಪುಸ್ತಕವನ್ನು ನನ್ನ ಮುಂದಿಟ್ಟರು. "ಕಂಡಿದ್ದು ನೀವು, ನೀವೇ ಬರೀರಿ. ಸಹಿನೂ ಹಾಕಿ."

ಬಣ್ಣ ಬದಲಾಗಿದ್ದು ನೀರಿನ ಬಿಸಿಯಿಂದಲ್ಲ, ಟಬ್ಬಿನ ಬಣ್ಣದಿಂದ ಎಂದು ಬರೆದೆ. ಅಕ್ಷರ ಕಾಗೆಕಾಲು ಗುಬ್ಬಿಕಾಲು. ಆದರೇನು, ಸಹಿ ನನ್ನದು!

"ಸಿಗಡಿಗೆಲ್ಲ ಸ್ನಾನ ಮಾಡಿಸಿ ಬಂದ್ಯಾ?" ಎಂದು ಮನೆಯಲ್ಲಿ ಯಜಮಾನರು ದಿನದ ಹಾಗೆ ರೇಗಿಸಿದರು. ಬೆರಳು ತೋರಿಸಿದೆ. ಪೆನ್ನು ಸೋರಿ ಶಾಯಿ ಅಂಟಿತ್ತು. ದಿನವಿಡೀ ತೊಳೆಯುವುದೇ ಕೆಲಸವಾದ ಈ ಕೈಯನ್ನು ಇವತ್ತು ಊಟಕ್ಕೂ ತೊಳೆಯಲಿಲ್ಲ, ಚಮಚದಲ್ಲೇ ಉಂಡೆ.