ಎಡಗೈಗಿಟ್ಟ ಚಪಾತಿ

ಹನೂರು,
ಗುರುವಾರ, ೧೮-೭-೨೦೨೪

ಪ್ರೀತಿಯ ತಮ್ಮ ರುದ್ರನಿಗೆ ನಿನ್ನಕ್ಕ ಗುರುಬಸಮ್ಮನ ಆಶೀರ್ವಾದ.

ಹೇಗಿದ್ದೀಯಪ್ಪಾ? ನಿದ್ದೆ ಬರುತ್ತಿದೆಯಾ? ಡ್ರಿಪ್ ಹಾಕಿದ ಕೈ ಊದಿಕೊಂಡಿದೆಯಂತೆ. ಮೈಸೂರಿನ ಆಸ್ಪತ್ರೆಯ ವಾರ್ಡಿನಲ್ಲಿ ನಿಮಗೆ ಫೋನ್ ಕೊಡುವುದಿಲ್ಲವಂತೆ, ಅದಕ್ಕೇ ಈ ಕಾಗದ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಟೈಲರ್ ಅಂಗಡಿಯ ಬೀಗದ ಕೈ ನನ್ನ ಹತ್ತಿರವೇ ಇದೆ. ಯಳಂದೂರಿನ ಅತ್ತೆ ಫೋನ್ ಮಾಡಿ ನೀನೆಲ್ಲಿ ಎಂದು ಕೇಳಿದರು. ಮೈಸೂರಿಗೆ ಬಟ್ಟೆ ತರಲು ಹೋಗಿದ್ದಾನೆ ಎಂದು ಹಸೀ ಸುಳ್ಳು ಹೇಳಿದೆ. ತಮ್ಮನಿಗೆ ಮನಸ್ಸಿನ ಕಾಯಿಲೆ ಎನ್ನಲು ನಾಲಿಗೆ ಏಳಲಿಲ್ಲ. ನಿನ್ನ ಕಾಲು ಮುರಿದಿದ್ದರೆ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ, ಅಲ್ಲವಾ?

ನಿನ್ನೆ ಸಂಜೆ ಅಂಗನವಾಡಿಗೆ ಬೀಗ ಹಾಕುವಾಗ ನಿನ್ನ ವಾರ್ಡಿನ ನರ್ಸ್ ದೀಪ ಫೋನ್ ಮಾಡಿದಳು. ಸೇರಿಸಿದ ಶನಿವಾರದಿಂದ ನೀನು ಒಂದು ತುತ್ತೂ ಮುಟ್ಟಿಲ್ಲ, ಐದು ದಿನವೂ ಡ್ರಿಪ್ಪಿನಲ್ಲೇ ಇದ್ದೀಯ ಎಂದಳು. "ಅಮ್ಮಾ, ತಟ್ಟೆ ಮುಂದಿಟ್ರೆ ನಿಮ್ ತಮ್ಮ ಎಡಗೈ ಚಾಚಿ ಕಣ್ಮುಚ್ಕೊಂಡು ಕೂತ್ಕೋತಾರೆ. ಏನ್ ಬೇಕು ಅಂದ್ರೆ ಬಾಯೇ ಬಿಡಲ್ಲ. ಏನಿದು?" ಎಂದು ಕೇಳಿದಳು. ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡದೆ ನೀನು ಬುದ್ಧಿ ಬಂದಾಗಿನಿಂದ ಉಂಡವನಲ್ಲ. ವಾರ್ಡಿನಲ್ಲಿ ಯಾರ ಕೊರಳಲ್ಲೂ ದಾರ ಇರಬಾರದು, ಜೀವಕ್ಕೆ ಅಪಾಯ ಎಂದು ಆವತ್ತು ನಿನ್ನ ಲಿಂಗದ ಕರಡಿಗೆಯನ್ನು ದಾರದ ಸಮೇತ ತೆಗೆಸಿ ನನ್ನ ಕೈಗೆ ಕೊಟ್ಟರಲ್ಲ. ಅದನ್ನು ತಂದು ದೇವರ ಗೂಡಿನಲ್ಲಿಟ್ಟು ದಿನಾ ಹೂವಿಟ್ಟೆ. ಇತ್ತ ಲಿಂಗಕ್ಕೆ ಪೂಜೆ, ಅತ್ತ ನಿನಗೆ ಉಪವಾಸ. ಅಷ್ಟೂ ಹೊಳೆಯಲಿಲ್ಲ ನೋಡು ಈ ಹಾಳು ಮಂಡೆಗೆ.

ಆದರೂ ಅಲ್ಲಿದ್ದವರಿಗೆ ಕಣ್ಣಿರಲಿಲ್ಲವೇ ರುದ್ರ? ನೀನು ಚಾಚಿದ ಕೈಗೆ ಆಯಾ ಚಪಾತಿ ಇಟ್ಟಳಂತೆ. ಇನ್ನೊಬ್ಬ ಮಾತ್ರೆ ಇಟ್ಟನಂತೆ. ಹಾಳೆಯಲ್ಲಿ 'ಊಟ ನಿರಾಕರಿಸುತ್ತಾನೆ' ಎಂದು ಬರೆದು ಕೈತೊಳೆದುಕೊಂಡರಂತೆ. ಇಲ್ಲಿ ಮೂರು ವರ್ಷದ ಕೂಸು ಉಪ್ಪಿಟ್ಟು ಬಿಟ್ಟರೂ ನಾನು ಯಾಕೆ ಮಗಾ ಎಂದು ಕೇಳುತ್ತೇನೆ. ಸಿಟ್ಟು ನೆತ್ತಿಗೇರಿ, "ಯಾಕ್ ಉಣ್ಣಾಕಿಲ್ಲ ಅಂತ ಒಂದ್ ಮಾತು ಕೇಳಕ್ಕೆ ನಿಮ್ಗೇನ್ ದಾಡಿ?" ಎಂದು ದೀಪಳ ಮೇಲೇ ರೇಗಿದೆ. ಪಾಪ, ಐದು ದಿನಕ್ಕೆ ಕೇಳಿದವಳು ಅವಳೊಬ್ಬಳೇ. ನಿನ್ನ ಲಿಂಗಪೂಜೆಯ ವಿಷಯ ಬಿಡಿಸಿ ಹೇಳಿದೆ. "ದಾರ ಬ್ಯಾಡಮ್ಮಾ, ಕರಡಿಗೆ ಕಳ್ಸಿ. ಊಟಕ್ಕೆ ಮುಂಚೆ ಅವರ ಕೈಗೆ ಕೊಟ್ಟು, ಪೂಜೆ ಮುಗಿಯೋಗಂಟ ಪಕ್ಕದಲ್ಲೇ ಇರ್ತೀನಿ" ಎಂದಳು.

ಏಳು ಗಂಟೆಯ ಮೈಸೂರು ಬಸ್ಸಿನ ಕಂಡಕ್ಟರ್ ನಾಗರಾಜು ಕೈಯಲ್ಲಿ ಕರಡಿಗೆ, ವಿಭೂತಿ, ಈ ಕಾಗದ ಕಳಿಸುತ್ತಿದ್ದೇನೆ. ದೀಪ ಬಸ್ ಸ್ಟ್ಯಾಂಡಿಗೇ ಬಂದು ಇಸಕೊಳ್ಳುತ್ತಾಳಂತೆ. ನಾನೇ ಬರೋಣವೆಂದರೆ ಇವತ್ತು ಅಂಗನವಾಡಿಗೆ ಸೂಪರ್‌ವೈಸರ್ ಬರುತ್ತಾರೆ. ಪೂಜೆ ಮಾಡಿಕೊಂಡು ಉಣ್ಣು ನನ್ನಪ್ಪ. ದೀಪಳಿಗೆ ನನ್ನ ಹೆಸರು ಹೇಳಿ ಕೈಮುಗಿ.

ನೂರು ಕಾಲ ಬಾಳು.

ನಿನ್ನ ಅಕ್ಕ,
ಗುರುಬಸಮ್ಮ

ತಾ.ಕ.: ಬಸ್ ಸ್ಟ್ಯಾಂಡಿನಲ್ಲಿ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದೆ. ಹೊಳೆಯಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು ಕಣಪ್ಪ. ಅವರು ಕೇಳಿದ್ದರು. ಸೇರಿಸುವ ಫಾರಮ್ಮಿನಲ್ಲಿ 'ಊಟ, ಪೂಜೆ, ಅಭ್ಯಾಸಗಳ ಬಗ್ಗೆ ತಿಳಿಸುವುದಿದೆಯೇ' ಎಂದಿತ್ತು. ಆಗ ನಿನ್ನ ಕರಡಿಗೆ ನನ್ನ ಮಡಿಲಲ್ಲೇ ಇತ್ತು. ಬರೆದರೆ ಇನ್ನೇನು ಕೇಳುತ್ತಾರೋ, ಇನ್ನೆಷ್ಟು ಹೊತ್ತು ಕೂರಿಸುತ್ತಾರೋ, ಹಸಿದರೆ ತಾನೇ ಉಣ್ಣುತ್ತಾನೆ ಎಂದುಕೊಂಡು 'ಏನೂ ಇಲ್ಲ' ಎಂದು ಬರೆದುಬಿಟ್ಟೆ. ಒಂದು ತಿಂಗಳು, ನೀನು ಮನೆ ಬಿಟ್ಟು ಹೊರಟಾಗಲೆಲ್ಲ ಒಡೆಯರಪಾಳ್ಯದ ರಸ್ತೆವರೆಗೂ ನಿನ್ನ ಹಿಂದೆ ಓಡಿ ಓಡಿ ನನಗೆ ಸಾಕಾಗಿಹೋಗಿತ್ತು. ನಿನ್ನನ್ನು ಬಿಟ್ಟು ಬಸ್ಸಿನಲ್ಲಿ ಕೂತಾಗ ಹಾಯೆನಿಸಿತು. ನಿನ್ನೆ ನಾನು ರೇಗುವಾಗ ಆ ಫಾರಮ್ಮು ದೀಪಳ ಎದುರಿಗೇ ಇತ್ತೇನೋ. ಸೂಪರ್‌ವೈಸರ್ ಮಾತೂ ನೆವ; ನಿನ್ನ ಮುಖ ನೋಡಲು ಹೆದರಿಕೆ ನನಗೆ. ನಾಗರಾಜು ಕೈಗೆ ಏನೂ ಕೊಟ್ಟಿಲ್ಲ, ನಾನೇ ಟಿಕೆಟ್ ತೆಗೆದುಕೊಂಡಿದ್ದೇನೆ. ನೀನು ಉಂಡ ಮೇಲೆಯೇ ಈ ಕಾಗದ ಕೊಡುತ್ತೇನೆ. ನನ್ನನ್ನು ಬಯ್ಯಲು ನಿನಗೆ ಮೈಯಲ್ಲಿ ಶಕ್ತಿ ಬೇಕಲ್ಲ.