ನಾಲಿಗೆ ಹೊರಳದ ಮೆಲಿಫ್ಲುಅಸ್

ಮನೆಯಿಂದ,
ಗುರುವಾರ, ಊಟವಾದ ಮೇಲೆ

ನನ್ನ ಪುಟ್ಟಿಗೆ,

ಅಪ್ಪನ ಆಶೀರ್ವಾದಗಳು. ಬೆನ್ನುನೋವು ಕಡಿಮೆಯಾಯಿತೇ? ಮಗು ರಾತ್ರಿ ಮಲಗಗೊಡುತ್ತದೆಯೇ? ಅಳಿಯಂದಿರು ಮನೆಕೆಲಸಕ್ಕೆ ಕೈಹಚ್ಚುತ್ತಾರೋ, ಇಲ್ಲ ಮಗುವಿನ ಫೋಟೋ ತೆಗೆಯುವುದೊಂದೇ ಕೆಲಸವೋ?

"ಯಾವಾಗ ಫೋನ್ ಮಾಡಿದ್ರೂ ಅಪ್ಪ ಸ್ನಾನಕ್ಕೆ ಹೋಗಿದ್ದಾರೆ ಅಂತಾಳೆ ಅಮ್ಮ, ನನ್ನ ಮೇಲೆ ಕೋಪಾನಾ?" ಎಂದು ಬರೆದಿದ್ದೀಯಲ್ಲ. ಕೋಪವಿಲ್ಲ ತಾಯಿ. ಅಷ್ಟು ಸ್ನಾನ ಮಾಡಿದ್ದರೆ ಇಷ್ಟರಲ್ಲಿ ಸೋಪಿನ ಹಾಗೆ ಕರಗಿಹೋಗಿರುತ್ತಿದ್ದೆ. ನಿನ್ನ ಅಮ್ಮನಿಗೆ ಬೇರೆ ಸುಳ್ಳು ಹೊಳೆಯುವುದಿಲ್ಲ. ನಿನ್ನ ಹೆರಿಗೆಯ ಹಿಂದಿನ ವಾರ ನನಗೆ ಲಕ್ವ ಹೊಡೆಯಿತು. ಆ ಹೊತ್ತಿನಲ್ಲಿ ನಿನಗೆ ತಿಳಿಯುವುದು ಬೇಡವೆಂದು ಮುಚ್ಚಿಟ್ಟೆವು. ಗಾಬರಿಯಾಗಬೇಡ. ಕೈಕಾಲು ಸರಿಯಾಗಿವೆ, ತಲೆಯೂ ಸರಿಯಾಗಿದೆ (ಅಮ್ಮ ಒಪ್ಪುವುದಿಲ್ಲ). ನಾಲಿಗೆ ಮಾತ್ರ ಹೊರಳುತ್ತಿಲ್ಲ. ಬಸ್ ನಿಲ್ದಾಣದ ಮೈಕಿನಲ್ಲಿ ಜೀವಮಾನವಿಡೀ ಊರಿಗೆಲ್ಲ ದಾರಿ ಹೇಳಿದವನು ನಾನು, ಈಗ ನೀರು ಕೇಳಿದರೆ ಟವೆಲ್ ಬರುತ್ತದೆ.

ಮಾತು ಕಲಿಸಲು ಒಬ್ಬಳು ಹುಡುಗಿ ಬರುತ್ತಾಳೆ. ಮೊದಲ ದಿನವೇ ಕೈಗೆ ಕನ್ನಡಿ ಕೊಟ್ಟು, "ನಿಮಗೆ ಇಷ್ಟವಾದ ಒಂದು ಪದ ಬರೀರಿ ಅಂಕಲ್, ಅದರಿಂದಲೇ ಶುರು ಮಾಡೋಣ" ಎಂದಳು. 'ಬಾ' ಎಂದು ಬರೆದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಜಂಬ ನೋಡು, ಮೆಲಿಫ್ಲುಅಸ್ ಎಂದು ಬರೆದೆ. ನೆನಪಿದೆಯಾ, ನಿವೃತ್ತಿಯ ದಿನ ಮ್ಯಾನೇಜರು ಭಾಷಣದಲ್ಲಿ ನನ್ನ ದನಿಯನ್ನು ಹಾಗೆ ಕರೆದಾಗ, ಯಾವುದೋ ಕಾಯಿಲೆಯ ಹೆಸರೆಂದು ನಾನು ಮುಖ ಸಣ್ಣ ಮಾಡಿಕೊಂಡಿದ್ದು? ನೀನೇ ನಿಘಂಟು ತೆಗೆದು ವಿವರಿಸಿದೆ: ಇಂಗ್ಲಿಷ್ ಪದ, ಮೂಲ ಲ್ಯಾಟಿನ್ನು, ಮೆಲ್ ಎಂದರೆ ಜೇನು, ಫ್ಲುಎರೆ ಎಂದರೆ ಹರಿಯುವುದು, ಜೇನು ಹರಿದಷ್ಟು ಇಂಪಾದದ್ದು. ಮಾರನೆಯ ದಿನ ಅಮ್ಮ ತನ್ನ ಕಾಫಿಯೂ ಮೆಲಿಫ್ಲುಅಸ್ ಎಂದಾಗ, "ಹಾಗನ್ನಬಾರದಮ್ಮಾ, ಅದು ದನಿಗೆ, ಮಾತಿಗೆ, ಸಂಗೀತಕ್ಕೆ ಹೇಳೋದು" ಎಂದು ತಿದ್ದಿದೆ. ತಿದ್ದಿದವಳು ನೀನು, ಸಕ್ಕರೆ ಬೀಳದೆ ಹೋದದ್ದು ನನ್ನ ಲೋಟಕ್ಕೆ.

ಆ ಪದವೇ ಈಗ ನನ್ನ ಪ್ರಾಣ ಹಿಂಡುತ್ತಿದೆ. ಮೆ ಎಂದು ಮೇಕೆಯ ಹಾಗೆ ಅಲ್ಲೇ ನಿಲ್ಲುತ್ತೇನೆ. ಲಿ ಬರುವ ಮೊದಲು ಜೊಲ್ಲು ಬರುತ್ತದೆ. ಫ್ಲು ಎಂದರೆ ಕನ್ನಡಿಯೆಲ್ಲ ಉಗುಳು. ಹರಿಯುವುದೇನೋ ಹರಿಯುತ್ತಿದೆ, ಜೇನಲ್ಲ ಅಷ್ಟೇ. ಹುಡುಗಿ "ಸುಲಭದ್ದು ತಗೊಳ್ಳೋಣ ಅಂಕಲ್" ಎನ್ನುತ್ತಾಳೆ, ನಾನು ಕೂಡದೆಂದು ತಲೆಯಾಡಿಸುತ್ತೇನೆ. ನಿನ್ನೆ ಸಿಟ್ಟು ನೆತ್ತಿಗೇರಿ ಕನ್ನಡಿ ಎಸೆದುಬಿಟ್ಟೆ. ಅಮ್ಮ ಬಗ್ಗಿ ಚೂರು ಆರಿಸಿದಳು. ಬೈದಿದ್ದರೆ ಎಷ್ಟೋ ಮೇಲಿತ್ತು. ಮೊಮ್ಮಗುವಿಗೆ ನನ್ನ ಆ ಹಳೆಯ ದನಿ ಕೇಳಿಸಬೇಕೆಂದು ಎಷ್ಟು ಆಸೆಯಿತ್ತು ಗೊತ್ತೇ? ಈ ಪದ ನೆಟ್ಟಗೆ ಬರುವ ತನಕ ಫೋನ್ ಮುಟ್ಟುವುದಿಲ್ಲವೆಂದು ಹಠ ಹಿಡಿದದ್ದು ಅದಕ್ಕೇ. ನಾಚಿಕೆಯೂ ಹೌದು ಪುಟ್ಟಿ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಮಗುವಿನ ಎರಡೂ ಕೆನ್ನೆಗೆ ನನ್ನ ಮುತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು, ತಣ್ಣಗಿರು.

ನಿನ್ನ
ಅಪ್ಪ

ಮತ್ತೊಂದು ಮಾತು: ಅಮ್ಮ ಈ ಕಾಗದ ಓದಿ, "ಆ ಮಗುಗೇನು ಇಂಗ್ಲಿಷ್ ಬರುತ್ತಾ? ಅದಕ್ಕೂ ಮಾತು ಬರಲ್ಲ, ನಿಮಗೂ ಬರಲ್ಲ. ಒಟ್ಟಿಗೇ ಕಲೀರಿ" ಎಂದಳು. ಭಾನುವಾರ ಬೆಳಗ್ಗೆ ಫೋನ್ ಮಾಡು, ನಾನೇ ಎತ್ತುತ್ತೇನೆ. ಮಗುವಿನ ಕಿವಿಗೆ ಹಿಡಿ. ಏನೋ ಗೊರಗೊರ ಕೇಳಿಸಿದರೆ ಲೈನ್ ಕೆಟ್ಟಿದೆ ಎಂದು ಇಟ್ಟುಬಿಡಬೇಡ. ಅದು ನಾನೇ.