ಒಂದು ತುತ್ತನ್ನು ನಲವತ್ತು ಮಾಡಿದವರಿಗೆ

ಮಕ್ಕಳ ಆಹಾರದ ಬಗ್ಗೆ ಕಾರ್ಟೂನ್ ಫಿಲಂ ಮಾಡಿಸಿದ ಮಾನ್ಯ ಪ್ರಚಾರಾಧಿಕಾರಿಗಳೇ,

ನಿಮ್ಮ ಫಿಲಂನಲ್ಲಿ ಪಾತ್ರೆಗೆ ಕೈಹಾಕಿ ಮಕ್ಕಳ ಉಪ್ಪಿಟ್ಟನ್ನು ಗಬಗಬ ತಿನ್ನುವ ಆ ದಪ್ಪ ಹೆಂಗಸು ನನ್ನ ಅಕ್ಕ. ಅವಳು ಯಾವ ಮಗುವಿನ ತುತ್ತನ್ನೂ ಕದ್ದವಳಲ್ಲ. ಅವಳನ್ನು ಕಳ್ಳಿ ಮಾಡಿದವರು ನೀವು, ಅದಕ್ಕೆ ಬೇಕಾದ ಚಿತ್ರ ಬರೆದುಕೊಟ್ಟವನು ನಾನು. ಇದನ್ನು ಮೂರು ಸಲ ಖಾಸಗಿಯಾಗಿ ಬರೆದು ತಿಳಿಸಿದೆ. ಮೊದಲೆರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ ‘ತಮ್ಮ ಪತ್ರವು ಪರಿಶೀಲನೆಯಲ್ಲಿದೆ’ ಎಂಬ ಕಾರ್ಡು ಬಂತು. ಕಾರ್ಡು ಬಂದು ಐದು ತಿಂಗಳಾಯಿತು. ನೀವು ಪರಿಶೀಲಿಸುವಷ್ಟರಲ್ಲಿ ನಾನು ನಿವೃತ್ತನಾಗುತ್ತೇನೆ ಎಂಬ ಭಯದಿಂದ ಈ ವಾರಪತ್ರಿಕೆಯ ಸಂಪಾದಕರ ಕೈಕಾಲು ಹಿಡಿದು ಎಲ್ಲರೆದುರು ಬರೆಯುತ್ತಿದ್ದೇನೆ.

ಕುರುಗೋಡಿನ ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮಾಸ್ತರ. ಹದಿನೆಂಟು ವರ್ಷದಿಂದ ಮಕ್ಕಳಿಗೆ ಹೂಜಿ, ಮಾವಿನಹಣ್ಣು, ಅರ್ಧ ಬಿಚ್ಚಿದ ಕೊಡೆ ಬರೆಯುವುದನ್ನು ಕಲಿಸುತ್ತಿದ್ದೇನೆ. ನನ್ನ ಅಕ್ಕ ಕೊಟ್ರಮ್ಮ ಸಿರುಗುಪ್ಪದ ಒಂದು ಬಾಲವಾಡಿಯಲ್ಲಿ ಹನ್ನೊಂದು ವರ್ಷದಿಂದ ಅಡುಗೆಯ ಆಯಾ. ಅವಳು ದಪ್ಪ. ಇದನ್ನು ಮುಚ್ಚಿಡುವ ಅಗತ್ಯ ಅವಳಿಗೂ ಇಲ್ಲ, ನನಗೂ ಇಲ್ಲ. ಚಿಕ್ಕಂದಿನಿಂದಲೂ ದಪ್ಪ, ನಮ್ಮ ಅವ್ವನ ಕಡೆಯ ಹೆಣ್ಣುಮಕ್ಕಳೆಲ್ಲ ಹಾಗೆಯೇ. ಎರಡು ರೊಟ್ಟಿ ತಿಂದು ಕೈ ತೊಳೆಯುತ್ತಾಳೆ. ನಾನು ಬಡಕಲು. ಊಟಕ್ಕೆ ಕೂತರೆ ಆರಕ್ಕೆ ಕಡಿಮೆಯಿಲ್ಲ.

ಕಳೆದ ವರ್ಷ ನಿಮ್ಮ ಕಚೇರಿಯಿಂದ ಜಿಲ್ಲೆಯ ಡ್ರಾಯಿಂಗ್ ಮಾಸ್ತರರಿಗೆಲ್ಲ ಒಂದು ಸುತ್ತೋಲೆ ಬಂತು. ‘ಮಕ್ಕಳ ಆಹಾರ ಮಕ್ಕಳಿಗೇ’ ಎಂಬ ಕಾರ್ಟೂನ್ ಫಿಲಂ ಆಗಲಿದೆ, ನಮ್ಮ ಕಡೆಯ ಜನರ ಚಿತ್ರಗಳು ಬೇಕು ಎಂದಿತ್ತು. ನಾನು ಅಕ್ಕನನ್ನು ಬರೆದು ಕಳಿಸಿದೆ. ನಿಮಗೆ ಹಿಡಿಸಿತು. ಇದೇ ಹೆಂಗಸು ಕೆಲಸ ಮಾಡುತ್ತಿರುವುದನ್ನು ಹಾಳೆಯಿಂದ ಹಾಳೆಗೆ ಸ್ವಲ್ಪಸ್ವಲ್ಪ ಬದಲಿಸುತ್ತ ಬರೆದು ಕಳಿಸಿ, ನಮ್ಮವರು ಇಂಕು ಹಾಕಿ ಓಡಿಸುತ್ತಾರೆ ಎಂದು ಬರೆದಿರಿ. ಅಂದು ನಾನು ನೆಲದ ಮೇಲೆ ನಡೆಯಲಿಲ್ಲ.

ದಸರಾ ರಜೆಯಲ್ಲಿ ಸಿರುಗುಪ್ಪಕ್ಕೆ ಹೋಗಿ ಹದಿನೈದು ದಿನ ಬಾಲವಾಡಿಯ ಮೂಲೆಯಲ್ಲಿ ಕೂತೆ. ದಪ್ಪ ಇರುವ ಮನುಷ್ಯರನ್ನು ಬರೆಯುವುದು ಎಷ್ಟು ಕಷ್ಟ ಎಂಬುದು ಆಗ ತಿಳಿಯಿತು. ಅಕ್ಕ ನೆಲಕ್ಕೆ ಕೂರುವಾಗ ಮೊದಲು ಎಡಗೈಯನ್ನು ಮೊಣಕಾಲಿನ ಮೇಲೆ ಊರುತ್ತಾಳೆ. ಸಾಲಾಗಿ ಕೂತ ನಲವತ್ತೆರಡು ಮಕ್ಕಳ ನಡುವೆ ಬಕೆಟ್ಟು ಹಿಡಿದು ನಡೆದರೆ ಒಂದು ಮಗುವಿನ ಬೆರಳನ್ನೂ ತುಳಿಯುವುದಿಲ್ಲ. ಪಾತ್ರೆಯನ್ನು ಒಲೆಯಿಂದ ಇಳಿಸುವಾಗ ಇಡೀ ಮೈಯನ್ನು ಹಿಂದಕ್ಕೆ ವಾಲಿಸಿ ಭಾರಕ್ಕೆ ಭಾರ ಕೊಡುತ್ತಾಳೆ. ಬಡಕಲು ಮಾಸ್ತರನೊಬ್ಬ ಆ ಪಾತ್ರೆ ಎತ್ತಲು ಹೋಗಿ ಸೊಂಟ ಉಳುಕಿಸಿಕೊಂಡದ್ದೂ ಆ ರಜೆಯಲ್ಲೇ. ಇದನ್ನೆಲ್ಲ ನೋಡಿ, ಅಳಿಸಿ, ಮತ್ತೆ ಬರೆದು ನಲವತ್ತೆಂಟು ಹಾಳೆ ಮಾಡಿದೆ.

ಈಗ ಆ ತುತ್ತಿನ ವಿಷಯ. ಅಕ್ಕನ ಬಾಲವಾಡಿಯಲ್ಲಿ ಒಂದು ಪದ್ಧತಿ ಇತ್ತು. ಗೋಧಿ ನುಚ್ಚಿನ ಉಪ್ಪಿಟ್ಟು ಬೆಂದು ಇಳಿದ ಮೇಲೆ ಮೊದಲ ತುತ್ತು ಅವಳದು. ಅದನ್ನು ತಿಂದು ಒಂದು ಊದಿನಕಡ್ಡಿ ಹಚ್ಚಿ ಗೋಡೆಗೆ ಸಿಕ್ಕಿಸಿ ಸುಮ್ಮನೆ ಕೂರುತ್ತಿದ್ದಳು. ಕಡ್ಡಿ ಉರಿದು ಮುಗಿಯುವವರೆಗೆ ಮಕ್ಕಳಿಗೆ ಬಡಿಸುತ್ತಿರಲಿಲ್ಲ. ಮಕ್ಕಳು ಕಡ್ಡಿಯನ್ನೇ ನೋಡುತ್ತ ಕೂತಿರುತ್ತಿದ್ದವು. ಬೂದಿ ಬಿದ್ದ ಕೂಡಲೇ ಅಕ್ಕ “ಬರ್ರಿ ನನ್ನ ದೇವರ” ಎನ್ನುತ್ತಿದ್ದಳು. ಎಲ್ಲರದೂ ಆದ ಮೇಲೆ ತಳದಲ್ಲಿ ಏನಾದರೂ ಉಳಿದಿದ್ದರೆ ಕೆರೆದು ತಿನ್ನುತ್ತಿದ್ದಳು, ಇಲ್ಲದಿದ್ದರೆ ಮನೆಗೆ ಹೋಗಿ ರೊಟ್ಟಿ.

ಇದು ಎಲ್ಲಿಂದ ಬಂತು ಎಂದು ಕೇಳುತ್ತೀರಾ? ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಏಳು ವರ್ಷದ ಹಿಂದೆ ನುಚ್ಚಿನ ಒಂದು ಚೀಲ ಬರುವ ದಾರಿಯಲ್ಲಿ ಯಾವುದೋ ಗಾಡಿಯಲ್ಲಿ ಭತ್ತಕ್ಕೆ ಹೊಡೆಯುವ ಔಷಧಿಯ ಡಬ್ಬಿಯ ಪಕ್ಕ ಬಿದ್ದಿತ್ತು. ಡಬ್ಬಿ ಸೋರಿತ್ತು. ಉಪ್ಪಿಟ್ಟು ಬೆಂದಾಗ ಒಗ್ಗರಣೆಯ ಘಮದಲ್ಲಿ ವಾಸನೆ ಯಾರಿಗೂ ತಿಳಿಯಲಿಲ್ಲ. ಉಪ್ಪು ನೋಡಲೆಂದು ಅಕ್ಕ ಒಂದು ತುತ್ತು ತಿಂದಳು. ನಾಲಿಗೆ ಉರಿಯಿತು, ಕಣ್ಣು ಕತ್ತಲೆ ಬಂತು. ಬೀಳುವ ಮೊದಲು ಮಾಡಿದ ಕೆಲಸವೆಂದರೆ ಪಾತ್ರೆಯನ್ನು ಅಂಗಳಕ್ಕೆ ಎಳೆದು ಮಗುಚಿ ಹಾಕಿದ್ದು. ಮೂರು ದಿನ ಆಸ್ಪತ್ರೆಯಲ್ಲಿದ್ದಳು. ಅಂದು ಮಕ್ಕಳು ಹಸಿದುಕೊಂಡು ಮನೆಗೆ ಹೋದವು, ಆದರೆ ನಡೆದುಕೊಂಡು ಹೋದವು. ಅಂದಿನಿಂದ ಮೊದಲ ತುತ್ತು, ಊದಿನಕಡ್ಡಿ.

ನಾನು ಬರೆದದ್ದು ಇದನ್ನೇ. ಮೊದಲ ಹನ್ನೆರಡು ಹಾಳೆಯಲ್ಲಿ ತುತ್ತು: ಕೈ ಪಾತ್ರೆಗೆ ಹೋಗುತ್ತದೆ, ಬಾಯಿಗೆ ಬರುತ್ತದೆ, ದವಡೆ ಆಡುತ್ತದೆ. ಉಳಿದ ಮೂವತ್ತಾರರಲ್ಲಿ ಕಡ್ಡಿ ಹಚ್ಚುವುದು, ಕಾಯುವುದು, ಕರೆಯುವುದು, ಬಡಿಸುವುದು. ಹಾಳೆಗಳನ್ನು ಒಟ್ಟಿಗೆ ಹೊಲಿದು ಅಂಚನ್ನು ಹೆಬ್ಬೆರಳಿನಿಂದ ಸರಸರ ಬಿಟ್ಟು ಅಕ್ಕನಿಗೆ ತೋರಿಸಿದೆ. ಹಾಳೆಯ ಮೇಲಿನ ಕೊಟ್ರಮ್ಮ ಎದ್ದು ಬಕೆಟ್ಟು ಹಿಡಿದು ನಡೆದಾಗ ಅವಳು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು.

“ಅಯ್ಯ ತಮ್ಮಾ, ನಾ ಹಿಂಗ ನಡೀತೀನೇನೋ? ಚೆಂದ ಐತಲೋ!”

ಐವತ್ತೊಂದು ವರ್ಷದಲ್ಲಿ ಅವಳು ತನ್ನ ನಡಿಗೆಯನ್ನು ಚೆಂದ ಎಂದದ್ದು ಅದೇ ಮೊದಲು. ಅಣಕಿಸಲು ಅಲ್ಲದೆ ಅವಳ ಮೈಯನ್ನು ಅಷ್ಟು ಹೊತ್ತು ಯಾರೂ ನೋಡಿರಲಿಲ್ಲ.

ನಿಮ್ಮ ಫಿಲಂ ಜನವರಿಯಲ್ಲಿ ಸಿರುಗುಪ್ಪದ ಟಾಕೀಸಿಗೆ ಬಂತು, ಮ್ಯಾಟಿನಿ ಆಟದ ಮೊದಲು ಹತ್ತು ನಿಮಿಷ. ಅಕ್ಕ ಹಸಿರು ಇಳಕಲ್ ಸೀರೆ ಉಟ್ಟು, ಬಾಲವಾಡಿಯ ತಾಯಂದಿರನ್ನು ಕರೆದುಕೊಂಡು ಹೆಂಗಸರ ಕಡೆ ಕೂತಿದ್ದಳು. ನಾನು ಗಂಡಸರ ಕಡೆ. ಪರದೆಯ ಮೇಲೆ ಮೂಗುಬಟ್ಟು, ತುರುಬು, ಮೊಣಕಾಲಿನ ಮೇಲೆ ಊರಿದ ಎಡಗೈ ಕಂಡವು. ಅವಳ ಪಕ್ಕ ಕೂತಿದ್ದ ಹನುಮಮ್ಮ ಎಂಬ ತಾಯಿ ಆಮೇಲೆ ಹೇಳಿದಂತೆ, ಅಕ್ಕ ಎಲ್ಲರ ತೋಳು ಹಿಡಿದು ಅಲುಗಿಸಿ “ನೋಡ್ರೇ, ನಾನ ಅದೀನಿ!” ಎಂದಳಂತೆ. ಅಷ್ಟರಲ್ಲಿ ನಿಮ್ಮ ಫಿಲಂನ ದನಿ ಕೂಗಿತು: “ಇವಳೇ ಗುಡಾಣಮ್ಮ! ಮಕ್ಕಳ ಪಾಲನ್ನು ನುಂಗುವ ಗುಡಾಣಮ್ಮ!” ನನ್ನ ಹನ್ನೆರಡು ಹಾಳೆಗಳು ಓಡಿದವು. ಮುಗಿದವು. ಮತ್ತೆ ಮೊದಲಿನಿಂದ ಓಡಿದವು. ಕೈ ಪಾತ್ರೆಗೆ, ಬಾಯಿಗೆ, ಪಾತ್ರೆಗೆ, ಬಾಯಿಗೆ. ನಾನು ಎಣಿಸಿದೆ ಸ್ವಾಮಿ, ನಲವತ್ತು ಸಲ. ಸುತ್ತಿಗೊಂದಿಷ್ಟು ಹೊಟ್ಟೆ ಉಬ್ಬುತ್ತ ಹೋಗಿ ಕೊನೆಗೆ ಢಂ ಎಂದು ಒಡೆಯಿತು. ಊದಿನಕಡ್ಡಿ ಬರಲಿಲ್ಲ. ಕಾಯುವುದು ಬರಲಿಲ್ಲ. ಬಡಿಸಲು ಬಂದವನು ಯಾರು ಗೊತ್ತೇ? ನನ್ನ ಹಾಗಿರುವ ಒಬ್ಬ ಬಡಕಲು ಮನುಷ್ಯ, ಮುಖದಲ್ಲಿ ಪ್ರಾಮಾಣಿಕತೆ ಉಕ್ಕುತ್ತಿತ್ತು.

ಟಾಕೀಸು ಬಿದ್ದು ಬಿದ್ದು ನಕ್ಕಿತು. ಎಲ್ಲರೂ ನಗುತ್ತಿದ್ದರೆಂದು ಅಕ್ಕನೂ ಸ್ವಲ್ಪ ನಕ್ಕಳಂತೆ. ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳಂತೆ. ಹನುಮಮ್ಮ “ಏಳವ್ವ, ಹೋಗಾಣ” ಎಂದರೆ “ಬ್ಯಾಡ, ನಾ ಎದ್ರ ಎಲ್ಲಾರಿಗೂ ಕಾಣ್ತೀನಿ” ಎಂದು ಮೂರು ಗಂಟೆಯ ಸಿನಿಮಾ ಪೂರ್ತಿ ತಲೆ ತಗ್ಗಿಸಿ ಕೂತಳಂತೆ. ನಾನು ಆ ಕಡೆ ಹೋಗಲಿಲ್ಲ. ನನಗೆ ಮುಖವಿರಲಿಲ್ಲ.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ಹಿರಿಯರು ಹೇಳಿದ್ದಾರೆ. ಪರದೆಯ ಮೇಲೆ ಕಂಡದ್ದನ್ನು ಪ್ರಮಾಣಿಸುವವರು ಯಾರು? ಮರುದಿನದಿಂದಲೇ ಬಜಾರಿನಲ್ಲಿ ಅವಳು ಹೋಗುತ್ತಿದ್ದರೆ ಹುಡುಗರು ಕೈಯನ್ನು ಬಾಯಿಗೆ ಒಯ್ದು ತೋರಿಸತೊಡಗಿದರು. ಮಕ್ಕಳನ್ನು ಬಿಡಲು ಬಂದ ಒಬ್ಬಳು ತಾಯಿ “ಬಾಲವಾಡ್ಯಾಗ ತಿಂದ ಅಲ್ಲೇನ್ರಿ ಮೈ ಬಂದದ್ದು?” ಎಂದಳು. ಯಾರೋ ಅರ್ಜಿ ಬರೆದರು. ಮೇಲ್ವಿಚಾರಣೆಗೆ ಬಂದ ಅಮ್ಮನವರು ದಾಸ್ತಾನು ನೋಡಲಿಲ್ಲ, ಮಕ್ಕಳನ್ನು ತೂಗಲಿಲ್ಲ. ಅಕ್ಕನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ ಲಿಖಿತ ಆದೇಶ ಹೊರಡಿಸಿದರು: ‘ಇನ್ನು ಮುಂದೆ ಸಿಬ್ಬಂದಿಯು ಮಕ್ಕಳ ಆಹಾರವನ್ನು ಯಾವ ಕಾರಣಕ್ಕೂ ಬಾಯಿಗೆ ಹಾಕಿಕೊಳ್ಳತಕ್ಕದ್ದಲ್ಲ.’ ಅಡುಗೆಮನೆಯ ಗೋಡೆಯಲ್ಲಿ ಊದಿನಕಡ್ಡಿ ಸಿಕ್ಕಿಸುತ್ತಿದ್ದ ತೂತಿನ ಮೇಲೆಯೇ ಅದನ್ನು ಅಂಟಿಸಿದ್ದಾರೆ.

ನಾನು ಬಳ್ಳಾರಿಗೆ ಬಂದು ನಿಮ್ಮನ್ನು ಕಂಡದ್ದು ನೆನಪಿರಬಹುದು. ತಾವು ಚಹಾ ತರಿಸಿದಿರಿ, ಸತ್ಯ. “ಮಾಸ್ತರ್ರ, ಮನಸಿಗೆ ಹಚ್ಕೋಬ್ಯಾಡ್ರಿ. ದಪ್ಪ ಇದ್ದವರನ್ನ ಕಂಡ್ರ ಜನ ನಗ್ತಾರ, ನಕ್ರ ವಿಷಯ ತಲಿಗೆ ಹೋಗ್ತೈತಿ. ತೆಳ್ಳಗಿದ್ದವ ಕದ್ದು ತಿಂತಾನಂತ ತೋರಿಸಿದ್ರ ಯಾರ ನಂಬ್ತಾರ ಹೇಳ್ರಿ?” ಎಂದಿರಿ. ತಾವೂ ಸ್ವಲ್ಪ ಮೈತುಂಬಿಕೊಂಡವರು. ಆದರೆ ಅದರ ಬಗ್ಗೆ ನಾನು ಒಂದು ಮಾತೂ ಆಡುವುದಿಲ್ಲ. ತಮ್ಮ ಸೊಂಟದ ಸುತ್ತಳತೆಯಿಂದ ತಮ್ಮ ಶೀಲ ತಿಳಿಯುವುದಿಲ್ಲ ಎಂಬಷ್ಟು ಬುದ್ಧಿ ನನಗಿದೆ. ಅದೇ ಬುದ್ಧಿಯನ್ನು ತಿಂಗಳಿಗೆ ತೊಂಬತ್ತು ರೂಪಾಯಿಯ ಆಯಾಗೂ ಅನ್ವಯಿಸಿದ್ದರೆ ಸರ್ಕಾರಕ್ಕೆ ಏನು ನಷ್ಟವಾಗುತ್ತಿತ್ತು?

ತೆಳ್ಳಗಿದ್ದವನು ಕದ್ದರೆ ಯಾರು ನಂಬುತ್ತಾರೆ ಎಂದಿರಿ. ಯಾರೂ ನಂಬುವುದಿಲ್ಲ. ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ನನಗೆ ಎಂಟು ವರ್ಷ, ಅಕ್ಕನಿಗೆ ಹನ್ನೆರಡು. ಹಬ್ಬಕ್ಕೆಂದು ಅವ್ವ ನೆಲುವಿನಲ್ಲಿಟ್ಟಿದ್ದ ಅಚ್ಚು ಬೆಲ್ಲ ಮಾಯವಾಯಿತು. ಅವ್ವ ಒಂದು ಪ್ರಶ್ನೆಯನ್ನೂ ಕೇಳದೆ ಅಕ್ಕನ ಬೆನ್ನಿಗೆ ಊದುಗೊಳವೆಯಿಂದ ಬಾರಿಸಿದಳು. “ಮೈ ನೋಡಿದ್ರ ಗೊತ್ತಾಗಂಗಿಲ್ಲೇನು?” ಎಂದಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ಬೆಲ್ಲ ಇನ್ನೂ ನನ್ನ ದವಡೆಯಲ್ಲೇ ಇತ್ತು. ನಾನು ಬಾಯಿ ಬಿಡಲಿಲ್ಲ, ಬಿಟ್ಟಿದ್ದರೆ ಬೆಲ್ಲ ಕಾಣುತ್ತಿತ್ತು.

ಪೆನ್ಸಿಲು ಹಿಡಿದವರಿಗೆಲ್ಲ ಇದೊಂದು ಅಡ್ಡದಾರಿ ಸಿಕ್ಕಿಬಿಟ್ಟಿದೆ. ದುರಾಸೆ ಬರೆಯಬೇಕೇ, ಒಂದು ದೊಡ್ಡ ಸೊನ್ನೆ ಎಳೆದು ಮೇಲೆ ತಲೆ ಇಡು. ಸೋಮಾರಿತನ ಬೇಕೇ, ಅದೇ ಸೊನ್ನೆಯನ್ನು ಮಲಗಿಸು. ನಗು ಬೇಕೇ, ಬೀಳಿಸು. ದಪ್ಪ ಇರುವವರು ಭಯದಿಂದ ಬೆವರುವುದಿಲ್ಲವೇ? ಇನ್ನೊಬ್ಬರ ಮಗುವಿಗಾಗಿ ಕಾಯುವುದಿಲ್ಲವೇ? ಯಾವ ಕಾರ್ಟೂನಿನಲ್ಲಿ ಅವರು ಅದನ್ನು ಮಾಡುತ್ತಾರೆ ತೋರಿಸಿ. ನಮ್ಮ ಶಾಲೆಯಲ್ಲಿ ಹೂಜಿಯನ್ನು ನೋಡದೆ ಬರೆದ ಹುಡುಗನಿಗೆ ನಾನು ಸೊನ್ನೆ ಅಂಕ ಕೊಡುತ್ತೇನೆ. ನಿಮ್ಮ ಕಚೇರಿ ಒಬ್ಬ ಹೆಂಗಸನ್ನು ನೋಡದೆ ಬರೆದು ಬಹುಮಾನಕ್ಕೆ ಕಳಿಸಿದೆ ಎಂದು ಕೇಳಿದೆ.

ಮೊನ್ನೆ ಸಿರುಗುಪ್ಪಕ್ಕೆ ಹೋಗಿದ್ದೆ. ಅಕ್ಕ ಈಗ ಗೋಡೆಗೆ ಮುಖಮಾಡಿ ಅಡುಗೆ ಮಾಡುತ್ತಾಳೆ. ಆದೇಶದಂತೆ ರುಚಿ ನೋಡುವುದಿಲ್ಲ. ಬೆಂದ ಕೂಡಲೇ ಬಡಿಸುತ್ತಾಳೆ. ಮೊದಲ ಸಾಲಿನಲ್ಲಿ ಮೊದಲು ಕೂತಿದ್ದವಳು ಹನುಮಮ್ಮನ ನಾಲ್ಕು ವರ್ಷದ ಮಗಳು. ಅವಳು ತುತ್ತು ಎತ್ತಿ ಬಾಯಿಗಿಟ್ಟು ಅಗಿದಳು. ಅಕ್ಕ ಬಾಗಿಲ ಚೌಕಟ್ಟು ಹಿಡಿದು ಅವಳ ಗಂಟಲನ್ನೇ ನೋಡುತ್ತಿದ್ದಳು. ನುಂಗುವವರೆಗೆ ಉಸಿರಾಡಲಿಲ್ಲ. ಮಾನ್ಯರೇ, ಆ ಬಾಲವಾಡಿಯಲ್ಲಿ ಈಗ ಮೊದಲ ತುತ್ತು ತಿನ್ನುವುದು ಮಗು.

ನಾನು ಪತ್ರಿಕೆಗೆ ಬರೆಯುತ್ತೇನೆ ಎಂದು ಅಕ್ಕನಿಗೆ ಹೇಳಿದೆ. ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ನುಚ್ಚು ಹಸನು ಮಾಡುತ್ತಿದ್ದವಳು ಮೊರದಿಂದ ತಲೆ ಎತ್ತಲಿಲ್ಲ.

“ಬರಿಯಪ್ಪಾ. ಆದ್ರ ಬೆಲ್ಲದ ವಿಷಯಾನೂ ಬರಿ.”

ನಲವತ್ತು ವರ್ಷ ಅವಳಿಗೆ ಗೊತ್ತಿತ್ತು. ಅದಕ್ಕೇ ಅದನ್ನು ಮೇಲೆ ಬರೆದಿದ್ದೇನೆ. ತಪ್ಪೊಪ್ಪಿಗೆ ಮೊದಲು ನನ್ನದು, ಈಗ ಸರದಿ ನಿಮ್ಮದು.

ಗೋಡೆಯ ಮೇಲಿನ ಆ ಆದೇಶವನ್ನು ತೆಗೆಸಿ. ಫಿಲಂನಲ್ಲಿ ನನ್ನ ಅಕ್ಕ ಒಂದೇ ತುತ್ತು ತಿನ್ನಲಿ, ನಾನು ಬರೆದದ್ದು ಅಷ್ಟೇ. ಆಮೇಲೆ ಉಳಿದ ಮೂವತ್ತಾರು ಹಾಳೆಗಳನ್ನು ಓಡಿಸಿ. ಕಡ್ಡಿ ಉರಿಯುವಾಗ ಅವಳು ಸುಮ್ಮನೆ ಕೂತಿರುತ್ತಾಳೆ, ಜನರಿಗೆ ಬೇಸರವಾಗುತ್ತದೆ ಎಂದು ಕತ್ತರಿಸಬೇಡಿ. ಅದೇ ಟಾಕೀಸಿನಲ್ಲಿ, ಅದೇ ಮ್ಯಾಟಿನಿಗೆ ತೋರಿಸಿ. ಅಕ್ಕನನ್ನು ನಾನೇ ಕರೆತರುತ್ತೇನೆ. ಈ ಸಲ ಆಟ ಮುಗಿದ ಕೂಡಲೇ ಅವಳ ಹತ್ತಿರ ಹೋಗಿ ನಿಲ್ಲುತ್ತೇನೆ. ಇದಕ್ಕೆ ಎಷ್ಟು ಪರಿಶೀಲನೆ ಬೇಕೋ ನನಗೆ ಗೊತ್ತಿಲ್ಲ. ಬಾಲವಾಡಿಯಲ್ಲಿ ಬಡಿಸುವುದು ಹನ್ನೊಂದೂವರೆಗೆ. ಆ ಹೊತ್ತಿಗೆ ತಮ್ಮ ಕಚೇರಿಯಲ್ಲಿ ಚಹಾ ಬರುತ್ತದೆ ಎಂಬುದನ್ನು ನಾನೇ ಕಂಡಿದ್ದೇನೆ. ನಾಳೆ ಲೋಟ ಎತ್ತುವಾಗ ಒಮ್ಮೆ ಗಡಿಯಾರ ನೋಡಿ. ಸಿರುಗುಪ್ಪದಲ್ಲಿ ಒಂದು ಮಗು ನಮ್ಮೆಲ್ಲರ ಪರವಾಗಿ ರುಚಿ ನೋಡುತ್ತಿರುತ್ತದೆ.

ಇಂತಿ,
ಬೆಲ್ಲ ಕದ್ದು ಬಾಯಿ ಮುಚ್ಚಿಕೊಂಡಿದ್ದ ಬಡಕಲು ತಮ್ಮ
ಮರಿಬಸಪ್ಪ, ಡ್ರಾಯಿಂಗ್ ಮಾಸ್ತರ
ಕುರುಗೋಡು, ೧೯೮೪